ಕಿವಿಗೆ ಫೋಮ್ ಪ್ಲಗ್ಗೋ, ಇಯರ್ ಮಫ್ಫೋ?

ಕೆಲಸದ ಜಾಗದಲ್ಲಿ ಒಂದು ಮೀಟರ್ ದೂರದವರ ಜತೆ ಮಾತಾಡಲು ಕೂಗಬೇಕಾದರೆ ಸದ್ದು 85 ಡೆಸಿಬೆಲ್ ಆಸುಪಾಸಿದೆ ಎಂದೇ ಲೆಕ್ಕ. ಕಿವಿಗೆ ರಕ್ಷಣೆ ಬೇಕು.

ಫೋಮ್ ಪ್ಲಗ್ ಅಗ್ಗ, ಹಗುರ. ಹೆಲ್ಮೆಟ್ಟಿಗೂ ಕನ್ನಡಕಕ್ಕೂ ಅಡ್ಡ ಬರುವುದಿಲ್ಲ, ಸೆಕೆಯಲ್ಲಿ ಇಡೀ ಪಾಳಿ ಹಾಕಿಕೊಂಡಿರಬಹುದು. ತೊಂದರೆಯೆಲ್ಲ ಹಾಕುವ ರೀತಿಯಲ್ಲಿ. ಶುಚಿಯಾದ ಕೈಯಲ್ಲಿ ಸುಕ್ಕಿಲ್ಲದಂತೆ ತೆಳ್ಳಗೆ ಹೊಸೆದು, ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ಒಳಗೆ ತೂರಿಸಿ 20–30 ಸೆಕೆಂಡ್ ಬೆರಳಲ್ಲಿ ತಡೆಹಿಡಿಯಬೇಕು. ಎದುರು ನಿಂತವರಿಗೆ ಪ್ಲಗ್ ಹೊರಚಾಚಿದ್ದು ಕಂಡರೆ ಅದು ಅರ್ಧಂಬರ್ಧ ಹೋಗಿದೆ.

ಪದೇ ಪದೇ ತೆಗೆದು ಹಾಕುವ ಕೆಲಸಕ್ಕೆ, ಕೈಗೆ ಗ್ರೀಸ್ ಮೆತ್ತುವ ಕಡೆ, ಇಡೀ ಕಿವಿಯನ್ನು ಹೊರಗಿನಿಂದ ಮುಚ್ಚುವ ಮಫ್ ವಾಸಿ. ಆದರೆ ಕನ್ನಡಕದ ದಪ್ಪ ಕಡ್ಡಿಯೋ ಕೂದಲೋ ಮೆತ್ತೆಯಡಿ ಸಿಕ್ಕರೆ ಸಂದಿನಲ್ಲಿ ಸದ್ದು ನುಗ್ಗುತ್ತದೆ. ಬಿರುಕು ಬಿಟ್ಟ ಮೆತ್ತೆ ಬದಲಿಸಿ.

ಎಷ್ಟು ಡೆಸಿಬೆಲ್ ತಗ್ಗಿಸುತ್ತದೆ ಎಂಬ ಪೊಟ್ಟಣದ ಮೇಲಿನ ಅಂಕಿಗಿಂತ, ಪಾಳಿ ಮುಗಿಯುವ ತನಕ ಯಾವುದು ಕಿವಿಯಲ್ಲಿ ಉಳಿಯುತ್ತದೆ ನೋಡಿ. 8 ಗಂಟೆಯಲ್ಲಿ ಅರ್ಧ ಗಂಟೆ ತೆಗೆದಿಟ್ಟರೂ 30 ಡೆಸಿಬೆಲ್ ರಕ್ಷಣೆ ಒಟ್ಟಾರೆ 12ರ ಹತ್ತಿರಕ್ಕೆ ಕುಸಿಯುತ್ತದೆ. ಸದ್ದು 100 ಡೆಸಿಬೆಲ್ ದಾಟಿದರೆ ಎರಡನ್ನೂ ಒಟ್ಟಿಗೆ ಹಾಕಿ. ಹೆಚ್ಚುವರಿ ಲಾಭ ಸುಮಾರು 5 ಡೆಸಿಬೆಲ್ ಅಷ್ಟೇ, ಎರಡರ ಮೊತ್ತವಲ್ಲ.