ತೊಗರಿ ರಾಶಿಯ ಧೂಳಿನಲ್ಲಿ ಓಡುವ ಪಿಕಪ್‌ಗೆ ಯಾವ ಏರ್ ಫಿಲ್ಟರ್?

ಕಾಗದದ ಏರ್ ಫಿಲ್ಟರ್ ತೆಗೆದು ಎಣ್ಣೆ ಹಚ್ಚಿದ ಹತ್ತಿಬಟ್ಟೆಯ ಫಿಲ್ಟರ್ ಹಾಕಿದರೆ ಡೀಸೆಲ್ ಪಿಕಪ್ ಗಾಡಿಯ ಎಳೆತ ಹೆಚ್ಚುತ್ತದೆ, ಎವರೇಜ್ ಸುಧಾರಿಸುತ್ತದೆ, ಸುಲಭವಾಗಿ ತೊಳೆದು ಮತ್ತೆ ಮತ್ತೆ ಬಳಸಬಹುದಾದ್ದರಿಂದ ಫಿಲ್ಟರ್‌ಗೆಂದು ಮತ್ತೆ ದುಡ್ಡು ಹಾಕುವ ಪ್ರಮೇಯವೇ ಬರುವುದಿಲ್ಲ ಎಂಬ ಮಾತು ಕಲಬುರಗಿಯ ಬಿಡಿಭಾಗದ ಅಂಗಡಿಗಳಲ್ಲಿ ಕೇಳಿಬರುತ್ತದೆ. ನಮ್ಮ ಮನೆಯ ಬೊಲೆರೊ ಪಿಕಪ್‌ಗೆ ಅಂಥದೊಂದು ಫಿಲ್ಟರ್ ಹಾಕಿಸಿ, ತೊಗರಿಯ ಸುಗ್ಗಿಯನ್ನೂ ಅದರ ಹಿಂದೆಯೇ ಬಂದ ಬೇಸಿಗೆಯನ್ನೂ ಅದರಲ್ಲೇ ಕಳೆದ ಬಳಿಕ, ಈ ಭಾಗದ ಹಳ್ಳಿ ದಾರಿಗಳಲ್ಲಿ ಹೇರು ಹೊರುವ ಗಾಡಿಗೆ ಅದು ತಕ್ಕ ಆಯ್ಕೆಯಲ್ಲವೆಂದು ಸ್ಪಷ್ಟವಾಗಿ ಹೇಳಬಲ್ಲೆ. ಗಾಳಿ ಒಳಹೋಗುವ ಬಾಯಿಗೆ ದಪ್ಪ ಧೂಳನ್ನು ಮೊದಲೇ ಬೇರ್ಪಡಿಸುವ ಪ್ರಿ-ಕ್ಲೀನರ್ ಕೂರಿಸಿ, ಫಿಲ್ಟರ್ ಕೂರುವ ಡಬ್ಬಿಯೊಳಗೆ ಒಳ್ಳೆಯ ಕಾಗದದ ಫಿಲ್ಟರನ್ನೇ ಉಳಿಸಿಕೊಳ್ಳುವುದು ಈ ನೆಲಕ್ಕೆ ಎಷ್ಟೋ ಹೆಚ್ಚು ಹೊಂದುತ್ತದೆ.

ಇಲ್ಲಿನ ಧೂಳು ಒಂದೇ ಬಗೆಯದಲ್ಲ. ಹೊಲದಲ್ಲಿ ರಾಶಿ ಮಷೀನು ಓಡುವಾಗ ತೊಗರಿಯ ಹೊಟ್ಟು ಎಲ್ಲೆಡೆ ಹಾರುತ್ತಿರುತ್ತದೆ. ಚೀಲ ತುಂಬಿಸಿಕೊಳ್ಳುವ ಗಾಡಿ ಅದರ ನಡುವೆಯೇ, ಬಹಳ ಸಲ ಎಂಜಿನ್ ಆರಿಸದೆ, ನಿಂತಿರುತ್ತದೆ. ಹೊಲದಿಂದ ಡಾಂಬರು ಸೇರುವವರೆಗಿನ ಬಂಡಿ ದಾರಿಯಲ್ಲಿ ಒಣಗಿ ಹಿಟ್ಟಾದ ಎರೆಮಣ್ಣು ಗಾಲಿಗಳ ಕೆಳಗಿನಿಂದ ಏಳುತ್ತದೆ. ಶಹಾಬಾದ್, ವಾಡಿ, ಮಳಖೇಡ, ಸೇಡಂ ಕಡೆಗೆ ಹೋದರೆ ಫರ್ಸಿ ಖಣಿಗಳ ಮತ್ತು ಸಿಮೆಂಟ್ ಕಾರ್ಖಾನೆಗಳ ಸುತ್ತಲಿನ ರಸ್ತೆಗಳಲ್ಲಿ ಸುಣ್ಣದ ಕಲ್ಲಿನ ನಯವಾದ ಪುಡಿ ಎದುರಾಗುತ್ತದೆ. ಈ ಮೂರೂ ಎಂಜಿನ್ನಿಗೆ ಮಾಡುವ ಕೇಡು ಬೇರೆ ಬೇರೆ. ಹೊಟ್ಟು ಹಗುರವಾದದ್ದು, ಫಿಲ್ಟರಿನ ಮುಖವನ್ನು ಮುಚ್ಚುತ್ತದೆ, ಆದರೆ ಒಳಗಿನ ಲೋಹವನ್ನು ಸವೆಸುವುದಿಲ್ಲ. ಸುಣ್ಣದ ಕಲ್ಲಿನ ಗಡಸುತನ 1ರಿಂದ 10ರವರೆಗಿನ ಮೋಸ್ ಮಾಪನದಲ್ಲಿ 3 ಮಾತ್ರ. ಅದು ಕಾಗದದ ಮಡಿಕೆಗಳಲ್ಲಿ ಕೂತು ತೇವ ತಗುಲಿದಾಗ ಗಟ್ಟಿಯಾಗಿ ಗಾಳಿಯನ್ನು ತಡೆಯುತ್ತದೆ. ಮಣ್ಣಿನೊಂದಿಗೆ ಬರುವ ಸ್ಫಟಿಕದ ಸಣ್ಣ ಕಣಗಳು ಹಾಗಲ್ಲ. ಅವುಗಳ ಗಡಸುತನ ಅದೇ ಮಾಪನದಲ್ಲಿ 7. ಪಿಸ್ಟನ್ ರಿಂಗನ್ನೂ ಸಿಲಿಂಡರಿನ ಒಳಗೋಡೆಯಾದ ಲೈನರನ್ನೂ ಗೀಚಿ ಸವೆಸುವ ಶಕ್ತಿ ಅವಕ್ಕಿದೆ.

ಈ ಗಾಡಿಯ 2523 ಸಿಸಿ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ, ಟರ್ಬೊ ಒತ್ತಿ ಕೊಡುವ ಹೆಚ್ಚುವರಿ ಗಾಳಿಯನ್ನು ಲೆಕ್ಕಕ್ಕೆ ಹಿಡಿಯದಿದ್ದರೂ, ನಿಮಿಷಕ್ಕೆ ಸುಮಾರು 3780 ಲೀಟರ್ ಗಾಳಿಯನ್ನು ಎಳೆದುಕೊಳ್ಳುತ್ತದೆ. ಗಂಟೆಗೆ ಅದು ಎರಡು ಲಕ್ಷ ಲೀಟರ್ ದಾಟುತ್ತದೆ. ಅಷ್ಟು ಗಾಳಿಯೊಂದಿಗೆ ಬರುವ ಮಣ್ಣನ್ನೆಲ್ಲ ತಡೆಯಬೇಕಾದದ್ದು ಆ ಒಂದು ಫಿಲ್ಟರ್.

ನಾನು ತೆಗೆದುಕೊಂಡದ್ದು ಮೂಲ ಡಬ್ಬಿಯೊಳಗೇ ಕೂರುವ ಫಿಲ್ಟರ್. ಕಂಪನಿಯ ಹೆಸರು ಇಲ್ಲಿ ಬೇಡ. ಈ ಬಗೆಯ ಫಿಲ್ಟರ್‌ಗಳ ರಚನೆಯೆಲ್ಲ ಹೆಚ್ಚುಕಡಿಮೆ ಒಂದೇ. ತಂತಿ ಜಾಲರಿಗಳ ನಡುವೆ ಹತ್ತಿಬಟ್ಟೆಯ ಹಲವು ಪದರಗಳಿದ್ದು, ಅವುಗಳಿಗೆ ಅಂಟು ಗುಣದ ಎಣ್ಣೆ ಹಚ್ಚಿರುತ್ತಾರೆ. ಬಟ್ಟೆಯ ಎಳೆಗಳ ನಡುವಿನ ಸಂದು ದೊಡ್ಡದಾದರೂ ಹಾದುಹೋಗುವ ಧೂಳು ಎಣ್ಣೆಗೆ ಅಂಟಿಕೊಳ್ಳುತ್ತದೆ. ಫಿಲ್ಟರಿನ ಕಟ್ಟು ಗಟ್ಟಿಯಾಗಿತ್ತು, ಅಂಚಿನ ರಬ್ಬರ್ ಡಬ್ಬಿಗೆ ಸರಿಯಾಗಿ ಕೂತಿತು, ಜೋಡಿಸಲು ಯಾವ ಕಷ್ಟವೂ ಆಗಲಿಲ್ಲ. ಬೆಲೆ ಕಾಗದದ ಫಿಲ್ಟರಿನ ಹಲವು ಪಟ್ಟು. ತೊಳೆಯುವ ದ್ರಾವಣ ಮತ್ತು ಎಣ್ಣೆಯ ಸೆಟ್ಟಿಗೆ ಬೇರೆಯೇ ಹಣ ಕೊಡಬೇಕು.

ಎಳೆತದ ವಿಷಯದಲ್ಲಿ ನನಗೆ ಯಾವ ವ್ಯತ್ಯಾಸವೂ ಕಾಣಲಿಲ್ಲ, ಕಾಣಬೇಕಾದ ಕಾರಣವೂ ಇಲ್ಲ. ಡೀಸೆಲ್ ಎಂಜಿನ್ನಿನಲ್ಲಿ ಶಕ್ತಿಯನ್ನು ತೀರ್ಮಾನಿಸುವುದು ಒಳಗೆ ಚಿಮ್ಮುವ ಡೀಸೆಲಿನ ಪ್ರಮಾಣ. ಗಾಳಿ ಸಾಮಾನ್ಯವಾಗಿ ಬೇಕಾದುದಕ್ಕಿಂತ ಹೆಚ್ಚೇ ಇರುತ್ತದೆ. ಡೀಸೆಲ್ ಎಷ್ಟು ಬಿಡಬೇಕೆಂಬುದನ್ನು ಗಾಡಿಯ ಕಂಪ್ಯೂಟರ್ ನಿರ್ಧರಿಸುತ್ತಿರುವಾಗ, ಚೊಕ್ಕಟವಾದ ಕಾಗದದ ಫಿಲ್ಟರನ್ನು ಇನ್ನೂ ಸಲೀಸಾಗಿ ಗಾಳಿ ಬಿಡುವ ಫಿಲ್ಟರಿಗೆ ಬದಲಿಸಿದ ಮಾತ್ರಕ್ಕೆ ಅದೇ ಎಂಜಿನ್ ಹೆಚ್ಚು ಹೇರನ್ನು ಎಳೆಯುವುದಿಲ್ಲ. ಕಾಗದದ ಫಿಲ್ಟರ್ ಕಟ್ಟಿಕೊಂಡು ಗಾಡಿ ಕಪ್ಪು ಹೊಗೆ ಬಿಡುತ್ತಿದ್ದರೆ ಹೊಸದು ಹಾಕಿದಾಗ ಫರಕು ತಿಳಿಯುತ್ತದೆ, ಆದರೆ ಆ ಫರಕು ಹೊಸ ಕಾಗದದ ಫಿಲ್ಟರಿನಿಂದಲೂ ಬರುತ್ತದೆ. ಬದಲಾದದ್ದು ಶಬ್ದ. ಟರ್ಬೊದ ಸಿಳ್ಳು ಮೊದಲಿಗಿಂತ ಜೋರಾಗಿ ಕೇಳಿಸತೊಡಗಿತು. ಆ ಶಬ್ದವನ್ನೇ ಬಲವೆಂದು ತಿಳಿಯುವ ಚಾಲಕರನ್ನು ನಾನು ನೋಡಿದ್ದೇನೆ.

ಮುಖ್ಯ ಪ್ರಶ್ನೆ ಇರುವುದು ತಡೆಯುವ ಗುಣದಲ್ಲಿ. ಏರ್ ಫಿಲ್ಟರ್‌ಗಳನ್ನು ಐಎಸ್‌ಒ 5011 ಎಂಬ ಅಂತರರಾಷ್ಟ್ರೀಯ ವಿಧಾನದಂತೆ, ಗೊತ್ತುಪಡಿಸಿದ ಧೂಳನ್ನು ಊದಿ ಪರೀಕ್ಷಿಸುತ್ತಾರೆ. ಒಳ್ಳೆಯ ಕಾಗದದ ಫಿಲ್ಟರ್ ಅದರಲ್ಲಿ ಶೇ. 99ಕ್ಕೂ ಹೆಚ್ಚು ಧೂಳನ್ನು ತಡೆಯುತ್ತದೆ. ಎಣ್ಣೆ ಹಚ್ಚಿದ ಹತ್ತಿಯ ಫಿಲ್ಟರ್ ಸಾಮಾನ್ಯವಾಗಿ ಅದಕ್ಕಿಂತ ಕೆಳಗೆ ನಿಲ್ಲುತ್ತದೆ. ಶೇ. ಎರಡು-ಮೂರರಷ್ಟು ಅಂತರವನ್ನು ಅಂಗಡಿಯಲ್ಲಿ ಯಾರೂ ದೊಡ್ಡದೆಂದು ಎಣಿಸುವುದಿಲ್ಲ. ಆದರೆ ಲೆಕ್ಕ ಹಾಕಬೇಕಾದದ್ದು ತಡೆದ ಧೂಳನ್ನಲ್ಲ, ದಾಟಿದ ಧೂಳನ್ನು. ಒಂದು ಫಿಲ್ಟರ್ ಶೇ. 99.5ರಷ್ಟನ್ನು, ಇನ್ನೊಂದು ಶೇ. 97ರಷ್ಟನ್ನು ತಡೆಯುತ್ತದೆ ಎಂದು ಇಟ್ಟುಕೊಂಡರೆ, 100 ಗ್ರಾಂ ಧೂಳು ಬಂದಾಗ ಮೊದಲನೆಯದು ಅರ್ಧ ಗ್ರಾಂ ಒಳಬಿಡುತ್ತದೆ, ಎರಡನೆಯದು 3 ಗ್ರಾಂ ಒಳಬಿಡುತ್ತದೆ. ಎಂದರೆ ಎಂಜಿನ್ ನುಂಗುವ ಮಣ್ಣು ಆರು ಪಟ್ಟು. ಡಾಂಬರು ರಸ್ತೆಯಲ್ಲಿ ಓಡುವ ಕಾರಿಗೆ 100 ಗ್ರಾಂ ಧೂಳು ಬರಲು ಬಹಳ ಕಾಲ ಬೇಕಾಗಬಹುದು, ಚಿತ್ತಾಪುರದ ಎರೆಹೊಲಗಳ ನಡುವೆ ತೊಗರಿ ಹೇರುವ ಗಾಡಿಗೆ ಅಷ್ಟು ಕಾಲ ಬೇಡ. ಅದರಲ್ಲೂ ಹೆಚ್ಚು ಸವೆಸುವುದು ಕಣ್ಣಿಗೆ ಕಾಣದ, ಸುಮಾರು 5ರಿಂದ 20 ಮೈಕ್ರಾನ್ ಗಾತ್ರದ ಕಣಗಳು. ರಿಂಗು ಮತ್ತು ಲೈನರುಗಳ ನಡುವಿನ ಎಣ್ಣೆಯ ತೆಳು ಪೊರೆಯೊಳಗೆ ಹೊಕ್ಕು ಎರಡೂ ಬದಿಯನ್ನು ಉಜ್ಜುವುದು ಅವೇ.

ಇದನ್ನು ಮನೆಯಲ್ಲೇ ನೋಡಿ ತಿಳಿಯುವ ಉಪಾಯವೊಂದಿದೆ. ಫಿಲ್ಟರ್ ಡಬ್ಬಿಯಿಂದ ಟರ್ಬೊಗೆ ಹೋಗುವ ರಬ್ಬರ್ ಪೈಪನ್ನು ಬಿಚ್ಚಿ, ಅದರ ಒಳಮೈಯನ್ನು ಬಿಳಿಯ ಬಟ್ಟೆಯಿಂದ ಒರೆಸಬೇಕು. ಫಿಲ್ಟರ್ ದಾಟಿ ಏನೂ ಬರುತ್ತಿಲ್ಲವೆಂದರೆ ಬಟ್ಟೆ ಬೆಳ್ಳಗೇ ಇರುತ್ತದೆ. ಹತ್ತಿಯ ಫಿಲ್ಟರ್ ಹಾಕುವ ಮೊದಲು ಹಾಗೆಯೇ ಒರೆಸಿ ಚೊಕ್ಕಟ ಮಾಡಿಸಿದ್ದೆ. ಸುಗ್ಗಿ ಮುಗಿದ ಮೇಲೆ ನೋಡಿದಾಗ ಬಟ್ಟೆಗೆ ಬೂದು ಬಣ್ಣದ ಪುಡಿ ಹತ್ತಿತು, ಬೆರಳಲ್ಲಿ ಉಜ್ಜಿದರೆ ಮರಳಿನ ತರಿ ತಾಗಿತು. ಡಬ್ಬಿಯ ಅಂಚನ್ನೂ ಪೈಪಿನ ಕ್ಲಿಪ್ಪುಗಳನ್ನೂ ಮಿಸ್ತ್ರಿ ಪರೀಕ್ಷಿಸಿದರು. ಸಂದು ಎಲ್ಲೂ ಇರಲಿಲ್ಲ. ನಿಮಿಷಕ್ಕೆ ಲಕ್ಷ ಸುತ್ತು ಮೀರಿ ತಿರುಗುವ ಟರ್ಬೊದ ರೆಕ್ಕೆಗಳಿಗೆ ಮೊದಲು ಬಡಿಯುವುದು ಇದೇ ಪುಡಿ ಎಂಬುದನ್ನು ನೆನೆದರೆ, ಗಾಡಿಯಿಂದಲೇ ಹೊಟ್ಟೆ ಹೊರೆಯುವ ಯಾರೂ ಅದನ್ನು ಸಣ್ಣ ಸಂಗತಿಯೆಂದು ಬಿಡಲಾರರು.

ತೊಳೆಯುವ ಕೆಲಸವೂ ಅಂಗಡಿಗಳಲ್ಲಿ ಹೇಳುವಷ್ಟು ಸುಲಭದ್ದಲ್ಲ. ದ್ರಾವಣ ಹಾಕಿ, ಒಳಗಿನಿಂದ ಹೊರಕ್ಕೆ ನೀರು ಬಿಟ್ಟು ತೊಳೆದು, ನೆರಳಲ್ಲಿ ತಾನಾಗಿ ಒಣಗಲು ಬಿಡಬೇಕು. ಗಾಳಿ ಹೊಡೆದು ಒಣಗಿಸಿದರೆ ಬಟ್ಟೆ ಹರಿಯಬಹುದು. ಬಾಡಿಗೆ ತಪ್ಪಿಸಿಕೊಳ್ಳಲಾಗದ ಸುಗ್ಗಿಯಲ್ಲಿ ಗಾಡಿ ಅಷ್ಟು ಹೊತ್ತು ನಿಲ್ಲುವುದೇ ಕಷ್ಟ. ಎಣ್ಣೆ ಕಡಿಮೆಯಾದರೆ ಧೂಳು ನೇರ ದಾಟುತ್ತದೆ. ಹೆಚ್ಚಾದರೆ ಎಣ್ಣೆಯ ಹನಿಗಳು ಗಾಳಿಯೊಂದಿಗೆ ಹೋಗಿ, ಒಳಹೋಗುವ ಗಾಳಿಯನ್ನು ಅಳೆಯುವ ಸೆನ್ಸರಿನ ಮೇಲೆ ಕೂರುತ್ತವೆ, ಅದರ ಅಳತೆ ತಪ್ಪುತ್ತದೆ, ಎಂಜಿನ್ ದೀಪ ಹೊತ್ತುತ್ತದೆ. 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಬಿಎಸ್ 6 ಹೊಗೆ ನಿಯಮದ ಗಾಡಿಗಳಲ್ಲಿ ಹೊಗೆ ಶುದ್ಧಿಯ ಸಲಕರಣೆಗಳು ಇಂಥ ಅಳತೆಗಳನ್ನೇ ನಂಬಿ ನಡೆಯುವುದರಿಂದ ಅಲ್ಲಿ ಈ ತೊಂದರೆ ಇನ್ನೂ ದುಬಾರಿ.

ಡಬ್ಬಿಯನ್ನೇ ತೆಗೆದುಹಾಕಿ ಬಾನೆಟ್ಟಿನ ಕೆಳಗೆ ತೆರೆದ ಶಂಕುವಿನ ಆಕಾರದ ಫಿಲ್ಟರ್ ಹಾಕುವುದಂತೂ ಬೇಡವೇ ಬೇಡ. ಮೇ ತಿಂಗಳಲ್ಲಿ ಹೊರಗೆ 43 ಡಿಗ್ರಿ ಇರುವಾಗ ಎಂಜಿನ್ ಪಕ್ಕದ ಗಾಳಿ 70 ಡಿಗ್ರಿ ಮುಟ್ಟಿದರೆ, ಅದೇ ಪ್ರಮಾಣದ ಗಾಳಿಯಲ್ಲಿ ಆಮ್ಲಜನಕ ಸುಮಾರು ಶೇ. 8ರಷ್ಟು ಕಡಿಮೆಯಾಗಿರುತ್ತದೆ.

ಈಗ ಗಾಡಿಯಲ್ಲಿರುವುದು ಕಂಪನಿಯ ಕಾಗದದ ಫಿಲ್ಟರ್, ಮತ್ತು ಗಾಳಿಯ ಬಾಯಿಯನ್ನು ಎತ್ತರಕ್ಕೆ ಒಯ್ದು ಅದರ ತುದಿಗೆ ಕೂರಿಸಿದ ಪ್ರಿ-ಕ್ಲೀನರ್. ಟ್ರ್ಯಾಕ್ಟರುಗಳ ಮೇಲೆ ಕಾಣುವ ಬಗೆಯದೇ ಅದು. ಒಳಗಿನ ಓರೆ ರೆಕ್ಕೆಗಳು ಗಾಳಿಯನ್ನು ಸುಳಿಯಂತೆ ತಿರುಗಿಸುತ್ತವೆ. ಭಾರದ ಕಣಗಳು ಗೋಡೆಯ ಕಡೆಗೆ ಸಿಡಿದು ಪಾರದರ್ಶಕ ಬಟ್ಟಲಿನಲ್ಲಿ ಬೀಳುತ್ತವೆ. ಸುಣ್ಣದ ಕಲ್ಲಿನ ನಯವಾದ ಪುಡಿಯನ್ನು ಅದು ಹಿಡಿಯಲಾರದು, ಆ ಕೆಲಸ ಕಾಗದದ್ದೇ. ಆದರೆ ಹೊಲದ ದಾರಿಯ ದಪ್ಪ ಮಣ್ಣು ಬಟ್ಟಲಿನಲ್ಲೇ ಉಳಿಯುವುದರಿಂದ ಕಾಗದ ಬೇಗ ಕಟ್ಟಿಕೊಳ್ಳುವುದಿಲ್ಲ, ಮತ್ತು ಗಾಲಿಗಳು ಎಬ್ಬಿಸುವ ಧೂಳಿಗಿಂತ ಮೇಲಿನ ಗಾಳಿ ಎಷ್ಟೋ ತಿಳಿಯಾಗಿರುತ್ತದೆ. ಇದನ್ನು ಹಾಕಿ ಹೇರು ಹೊತ್ತ ನಂತರ ಪೈಪು ಒರೆಸಿದಾಗ ಬಟ್ಟೆ ಬೆಳ್ಳಗೇ ಬಂತು. ಎಂಜಿನ್ ಎಳೆಯುವ ಗಾಳಿಗೆ ಸಾಲದಷ್ಟು ಚಿಕ್ಕ ಪ್ರಿ-ಕ್ಲೀನರ್ ತಂದರೆ ಅದೇ ಉಸಿರು ಕಟ್ಟಿಸುತ್ತದೆ. ಟರ್ಬೊದ ಗಾಳಿಯನ್ನೂ ಸೇರಿಸಿ ಅಳತೆ ಕೇಳಿಯೇ ಕೊಳ್ಳಬೇಕು.

ಕಾಗದದ ಫಿಲ್ಟರನ್ನು ವಾರಕ್ಕೊಮ್ಮೆ ಪಂಕ್ಚರ್ ಅಂಗಡಿಯ ಗಾಳಿಯಿಂದ ಊದಿಸುವ ರೂಢಿ ನಮ್ಮಲ್ಲಿ ಬಲವಾಗಿದೆ. ಆ ಒತ್ತಡಕ್ಕೆ ಕಾಗದದಲ್ಲಿ ಕಣ್ಣಿಗೆ ಕಾಣದ ರಂಧ್ರಗಳು ಬೀಳುತ್ತವೆ. ಊದಲೇಬೇಕಾದರೆ 30 ಪಿಎಸ್‌ಐ ಮೀರದಂತೆ, ಒಳಗಿನಿಂದ ಹೊರಕ್ಕೆ, ದೂರದಿಂದ ಊದಬೇಕು. ತೆಳುವಾಗಿ ಕೂತ ಧೂಳಿನ ಪದರವೇ ಮುಂದಿನ ಸಣ್ಣ ಕಣಗಳನ್ನು ತಡೆಯಲು ನೆರವಾಗುವುದರಿಂದ ಅತಿಯಾಗಿ ಚೊಕ್ಕಟ ಮಾಡುವುದೂ ಒಳ್ಳೆಯದಲ್ಲ. "ಹೊಡ್ದು ಹೊಡ್ದು ಕಾಗದ ಹಾಳ ಮಾಡಬ್ಯಾಡ್ರಿ, ಹೊಲಸಾದ್ರ ಹೊಸಾದು ಹಾಕ್ರಿ" ಎಂದು ನಮ್ಮ ಮಿಸ್ತ್ರಿ ಹೇಳುವುದರಲ್ಲಿ ತೂಕವಿದೆ. ಕೊಳ್ಳುವಾಗ ಮಡಿಕೆಗಳು ಒಂದೇ ಅಂತರದಲ್ಲಿವೆಯೇ, ಅಂಚಿನ ರಬ್ಬರ್ ಮೆತ್ತಗಿದೆಯೇ ಎಂದು ನೋಡಬೇಕು. ಮೂಲದ್ದರಂತೆಯೇ ಕಾಣುವ ಪ್ಯಾಕೆಟ್ಟಿನಲ್ಲಿ ನಕಲಿ ಮಾಲು ಬರುವುದುಂಟು.

ಬೀದರ್, ಹುಮನಾಬಾದ್, ಹೈದರಾಬಾದ್ ಎಂದು ಡಾಂಬರು ಬಿಡದೆ ಓಡುವ, ಫಿಲ್ಟರನ್ನು ಸ್ವತಃ ತೊಳೆದು ಹದವಾಗಿ ಎಣ್ಣೆ ಹಚ್ಚುವ ತಾಳ್ಮೆಯಿರುವ ಮಾಲೀಕರಿಗೆ ಹತ್ತಿಯ ಫಿಲ್ಟರ್ ನಡೆದೀತು. ಹೊಲಕ್ಕೂ ಖಣಿಗೂ ಇಳಿಯುವ ಗಾಡಿಯವರು ಆ ಹಣವನ್ನು ಪ್ರಿ-ಕ್ಲೀನರಿಗೆ ಹಾಕಲಿ. ಅದರ ಬ್ರಾಕೆಟ್ಟನ್ನು ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಮಾಡಿಸಿದೆವು. ಪೈಪು, ಕ್ಲಿಪ್ಪು, ಕೂಲಿ ಸೇರಿಸಿದರೂ ನಮಗೆ ಹತ್ತಿಯ ಫಿಲ್ಟರ್ ಮತ್ತು ಅದರ ಎಣ್ಣೆಯ ಸೆಟ್ಟಿಗಿಂತ ಕಡಿಮೆಯೇ ಬಿತ್ತು.