ಇಬ್ಬರೂ ಒಟ್ಟಿಗೆ ಕೂತ ಮೇಲೆ ಗೊತ್ತಾಗಿದ್ದು

ನಮ್ಮನೆಯವರು ಹಾಸನದ ಕಡೆಯವರು, ಅಮೆರಿಕದ ಸೈನ್ಯದಲ್ಲಿದ್ದು ಎರಡು ಸಲ ಅಫ್ಘಾನಿಸ್ತಾನಕ್ಕೆ ಹೋಗಿ ಬಂದವರು. ಇಲ್ಲಿ ಟೆಕ್ಸಾಸ್‌ನಲ್ಲಿ, ನಿವೃತ್ತ ಸೈನಿಕರ ಕ್ಲಿನಿಕ್‌ನಲ್ಲಿ ಪಿಟಿಎಸ್‌ಡಿಗೆ (ಯುದ್ಧದಂಥ ಆಘಾತ ಆದಮೇಲೂ ಮನಸ್ಸನ್ನ ಬಿಡದೆ ಕಾಡೋ ಕಾಯಿಲೆ) ಮೊದಲು ಅವರೊಬ್ಬರೇ, ಆಮೇಲೆ ನಾವಿಬ್ಬರೂ ಚಿಕಿತ್ಸೆ ತಗೊಂಡೆವು. ನನ್ನ ಹಾಗೆ ಹೊರಗೆ ಬೆಂಚಿನ ಮೇಲೆ ಕೂತು ಕಾಯೋ ಹೆಂಗಸರು ಓದಲಿ ಅಂತ ಬರೀತಿದ್ದೀನಿ.

ಇವರು ಹೋಗಿದ್ದು ಬಿಪಿ ತೋರಿಸೋಕೆ. ನರ್ಸ್ ಹೌದು-ಇಲ್ಲ ಅನ್ನೋ ಐದು ಪ್ರಶ್ನೆ ಕೇಳಿ, ಅವತ್ತೇ ಅದೇ ಕಟ್ಟಡದಲ್ಲಿದ್ದ ಥೆರಪಿಸ್ಟ್ ಹತ್ತಿರ ಕರಕೊಂಡು ಹೋದರು. ಬಾಗಿಲ ಮೇಲೆ ‘ಮಾನಸಿಕ’ ಅನ್ನೋ ಬೋರ್ಡಿದ್ದಿದ್ದರೆ ಇವರು ಒಳಗೆ ಕಾಲೇ ಇಡ್ತಿರಲಿಲ್ಲ. ಅರ್ಧ ಗಂಟೆಯ ನಾಲ್ಕು ಭೇಟಿ. ಯುದ್ಧದಲ್ಲಿ ನಡೆದದ್ದನ್ನ ಬರೆದು ಮತ್ತೆ ಮತ್ತೆ ಓದಬೇಕು, ಹೆದರಿ ಬಿಟ್ಟ ಜಾಗಗಳಿಗೆ ಬೇಕಂತಲೇ ಹೋಗಬೇಕು. ರಾತ್ರಿ ಬೆಚ್ಚಿ ಏಳೋದು ನಿಜವಾಗಲೂ ಕಮ್ಮಿಯಾಯ್ತು.

ಆದರೆ ಮನೇಲಿ ನಾನು ಅದನ್ನೆಲ್ಲ ಅಳಿಸ್ತಿದ್ದೆ. ಹೋಟೆಲಿಗೆ ಹೋದರೆ ನಾನೇ ಮುಂದೆ ನುಗ್ಗಿ ಗೋಡೆಗೆ ಬೆನ್ನು, ಬಾಗಿಲಿಗೆ ಮುಖ ಇರೋ ಕುರ್ಚಿ ಇವರಿಗೆ ಹಿಡೀತಿದ್ದೆ. ದೀಪಾವಳಿಗೆ ಮಗಳಿಗೆ ಸುರ್‌ಸುರ್‌ಬತ್ತಿ ಕೂಡ ಇಲ್ಲ. ಕನ್ನಡ ಸಂಘದ ಯುಗಾದಿಗೆ ಹೋಳಿಗೆ ಡಬ್ಬಿ ಹಿಡ್ಕೊಂಡು ನಾನೊಬ್ಬಳೇ. ಕೇಳಿದವರಿಗೆ ‘ಡ್ಯೂಟಿ ಇದೆ’.

ಆಮೇಲೆ ನಾವಿಬ್ಬರೂ ಸೇರಿದ್ದು ಜೋಡಿಗಳಿಗೆ ಒಟ್ಟಿಗೆ ಕೊಡೋ ಚಿಕಿತ್ಸೆಗೆ. ಅದು ಮೂಲದಲ್ಲಿ 15 ಭೇಟಿಯದು. ಮನಶ್ಶಾಸ್ತ್ರಜ್ಞೆ ಕ್ಯಾಂಡಿಸ್ ಮಾನ್ಸನ್ ಅವರ ತಂಡ ಅದರ ಬಗ್ಗೆ 40 ಜೋಡಿಗಳ ಜೊತೆ ಮಾಡಿದ ಅಧ್ಯಯನ 2012ರಲ್ಲಿ ಬಂತು. ಪಿಟಿಎಸ್‌ಡಿಯೂ ಇಳಿದಿತ್ತು, ಸಂಬಂಧದಲ್ಲಿ ಸಮಾಧಾನವೂ ಹೆಚ್ಚಿತ್ತು. ನಮಗೆ ಕೊಟ್ಟಿದ್ದು 8 ಭೇಟಿಯ ಚಿಕ್ಕದು, ಮನೆಯಿಂದಲೇ ವಿಡಿಯೊದಲ್ಲಿ. ಶುರುವಿಗೆ ಮುಂಚೆ ನನ್ನೊಬ್ಬಳನ್ನೇ ಕೂರಿಸಿ, ಮನೇಲಿ ಹೊಡೆತ-ಬಡಿತ ಇದೆಯಾ, ಭಯ ಇದೆಯಾ ಅಂತ ಕೇಳಿದರು. ಅಂಥ ಮನೆಗೆ ಇದು ಹೇಳಿದ್ದಲ್ಲ, ದಯವಿಟ್ಟು ಮುಚ್ಚಿಡಬೇಡಿ.

ಎರಡನೇ ಭೇಟೀಲಿ ಥೆರಪಿಸ್ಟ್ ಕೇಳಿದರು, “ಹೋಟೆಲಲ್ಲಿ ಕುರ್ಚಿ ಯಾರು ಆರಿಸ್ತೀರಿ?” ನಾನು ಹೆಮ್ಮೆಯಿಂದ ‘ನಾನೇ’ ಅಂದೆ. ಇವರು ತಿರುಗಿ ನನ್ನ ನೋಡಿದರು. “ನೀನು ಆ ಕುರ್ಚಿ ತೋರಿಸಿದಾಗಲೆಲ್ಲ, ಇವಳಿಗೂ ಇಲ್ಲೇನೋ ಅಪಾಯ ಕಾಣಿಸ್ತಿದೆ ಅನ್ಕೋತಿದ್ದೆ.” ಮದುವೆಯಾಗಿ ಹನ್ನೊಂದು ವರ್ಷ! ನನ್ನ ಅಕ್ಕರೇನೇ ಇವರ ಭಯಕ್ಕೆ ಸಾಕ್ಷಿ ಹೇಳ್ತಿತ್ತು. ಇದು ಒಬ್ಬರೇ ಕೂರೋ ಕೋಣೇಲಿ ಹೊರಗೆ ಬರೋ ಮಾತಲ್ಲ.

ಆ ವಾರದ ಅಭ್ಯಾಸ, ದೋಸೆ ಹೋಟೆಲಲ್ಲಿ ನಡುವಿನ ಟೇಬಲ್, ಬಾಗಿಲಿಗೆ ಬೆನ್ನು. ಇವರ ಹೆಬ್ಬೆರಳು ಕಾರಿನ ಕೀ ಮೇಲೆ ಉಜ್ಜುತ್ತಲೇ ಇತ್ತು. ‘ಎದ್ದು ಹೋಗೋಣ್ವಾ’ ಅಂತ ಬಾಯಿಗೆ ಬಂದದ್ದನ್ನ ನುಂಗಿಕೊಂಡೆ. ಕಾಫಿ ಬರೋ ಹೊತ್ತಿಗೆ ಕೀ ಟೇಬಲ್ ಮೇಲಿತ್ತು.

ಕಷ್ಟ ಅಂದರೆ ಇಬ್ಬರಿಗೂ ಒಂದೇ ದಿನ ರಜಾ ಹೊಂದಿಸೋದು. ಇನ್ನೊಂದು, ‘ಸಂಕಟ’ ಅನ್ನೋದನ್ನ ಇಂಗ್ಲಿಷಲ್ಲಿ ಹೇಗೆ ಹೇಳೋದು? ಎಷ್ಟೋ ಸಲ ನಾವು ಮೊದಲು ಕನ್ನಡದಲ್ಲೇ ಆಡಿ, ಆಮೇಲೆ ಥೆರಪಿಸ್ಟ್‌ಗೆ ಬಿಡಿಸಿ ಹೇಳಿದೆವು. ಅವರು ತಾಳ್ಮೆಯಿಂದ ಕಾದರು. ಒಂಟಿ ಚಿಕಿತ್ಸೆ ಬೇಡ ಅಂತಲ್ಲ, ನಿದ್ದೆ ಬಂದಿದ್ದು ಅದರಿಂದಲೇ. ಆದರೆ ಮತ್ತೆ ಆರಿಸೋ ಹಾಗಿದ್ದರೆ ನಾನು ಮೊದಲ ದಿನವೇ ಒಳಗೆ ಹೋಗ್ತಿದ್ದೆ.

ಕ್ಲಿನಿಕ್ ದೂರ ಇರೋರು ಇಲ್ಲಿನ ನಿವೃತ್ತ ಸೈನಿಕರ ಇಲಾಖೆಯ ‘ಕಪಲ್ಸ್ ಕೋಚ್’ ಆ್ಯಪ್ ನೋಡಿ. ದುಡ್ಡಿಲ್ಲ, ಯಾರು ಬೇಕಾದರೂ ಬಳಸಬಹುದು. ರಾತ್ರಿ ಪಾತ್ರೆ ತೊಳೆದಿಟ್ಟ ಮೇಲೆ ನಾವು ಈಗಲೂ ಅದರಲ್ಲಿ ಒಂದು ಅಭ್ಯಾಸ ಮಾಡ್ತೀವಿ.