ಧ್ವನಿ ಟೈಪಿಂಗ್: ಕೆಲವು ವರ್ಷಗಳ ಬಳಕೆಯ ನಂತರ

ಮೊಬೈಲ್ ಕೀಲಿಮಣೆಯ ಮೈಕ್ ಗುರುತನ್ನು ಒತ್ತಿ, ಮಾತಿನಲ್ಲೇ ಬರೆಸುವ ಧ್ವನಿ ಟೈಪಿಂಗ್ ಸೌಲಭ್ಯವನ್ನು ನಾನು ಕೆಲವು ವರ್ಷಗಳಿಂದ ನಿತ್ಯ ಬಳಸುತ್ತಿದ್ದೇನೆ. ಪತ್ರ, ಟಿಪ್ಪಣಿ, ಲೇಖನದ ಮೊದಲ ಕರಡು ಎಲ್ಲವೂ ಇದರಲ್ಲೇ ಸಿದ್ಧವಾಗುತ್ತವೆ. ಇದು ಎಷ್ಟು ತಪ್ಪು ಮಾಡುತ್ತದೆ ಎಂಬುದನ್ನು ಮೊದಲ ವಾರದಲ್ಲೇ ಹೇಳಬಹುದು. ಆದರೆ ಬರೆಯುವವರ ವಾಕ್ಯವನ್ನು ಇದು ಹೇಗೆ ಬದಲಿಸುತ್ತದೆ ಎಂಬುದು ತಿಳಿಯಲು ದೀರ್ಘ ಬಳಕೆಯೇ ಬೇಕು.

ವೇಗದ ಬಗ್ಗೆ ತಕರಾರಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಇಂಗ್ಲಿಷನ್ನು ಫೋನಿನಲ್ಲಿ ಟೈಪ್ ಮಾಡುವುದಕ್ಕಿಂತ ಹೇಳಿ ಬರೆಸುವುದು ಸುಮಾರು ಮೂರು ಪಟ್ಟು ವೇಗ. ಒತ್ತಕ್ಷರಗಳಿಗೆ ಕೀಲಿ ಹುಡುಕಬೇಕಾದ ಕನ್ನಡದಲ್ಲಿ ಈ ಉಳಿತಾಯ ಕಡಿಮೆಯೇನೂ ಇರಲಾರದು. ಆದರೆ ಆ ಪ್ರಯೋಗದಲ್ಲಿ ಪಾಲ್ಗೊಂಡವರು ಮೊದಲೇ ಕೊಟ್ಟ ಸಣ್ಣ ವಾಕ್ಯಗಳನ್ನು ಒಪ್ಪಿಸುತ್ತಿದ್ದರು. ಏನು ಹೇಳಬೇಕೆಂದು ಯೋಚಿಸುವ ಹೊಣೆ ಅವರಿಗಿರಲಿಲ್ಲ. ನಿಜವಾದ ಬರವಣಿಗೆಯಲ್ಲಿ ಹೊತ್ತು ಹೋಗುವುದೇ ಅಲ್ಲಿ.

ಯೋಚಿಸಲು ನಿಂತರೆ ಈ ಸೌಲಭ್ಯಕ್ಕೆ ಸಹನೆಯಿಲ್ಲ. ನಾನು ಬಳಸುವ ಆ್ಯಪ್‌ನಲ್ಲಿ ಕೆಲವು ಕ್ಷಣ ಮೌನವಾಗಿದ್ದರೆ ಮೈಕ್ ತಾನಾಗಿ ಆರುತ್ತದೆ. ಅದು ಆರದಿರಲೆಂದು ನಾಲಿಗೆ ಏನನ್ನಾದರೂ ಹೇಳುತ್ತಲೇ ಇರುತ್ತದೆ. ಕನ್ನಡದ ವಾಕ್ಯದಲ್ಲಿ ಪೂರ್ಣಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುವುದರಿಂದ, ಅದನ್ನು ಮುಂದೂಡುತ್ತಾ ಹೋಗಲು ಇಲ್ಲಿ ಧಾರಾಳ ಅವಕಾಶವಿದೆ. “ಅರ್ಜಿ ಕೊಟ್ಟು, ರಸೀದಿ ಪಡೆದು, ಆಮೇಲೆ ವಿಚಾರಿಸಿ, ಅಂದರೆ ಫೋನ್ ಮಾಡಿ ವಿಚಾರಿಸಿ, ಉತ್ತರ ಬರದಿದ್ದರೆ ಮತ್ತೆ ಹೋಗಿ…” ಎಂಬಂಥ, ಎಲ್ಲಿಯೂ ನಿಲ್ಲದ ಸಾಲುಗಳು ನನ್ನ ಕರಡುಗಳಲ್ಲಿ ಹೇರಳವಾಗಿವೆ. ಕೈಯಲ್ಲಿ ಬರೆಯುವಾಗ ಇಂಥ ವಾಕ್ಯ ಎರಡನೆಯ ಸಾಲಿಗೇ ದಣಿದು ನಿಲ್ಲುತ್ತಿತ್ತು. ಮಣಿಕಟ್ಟಿನ ನೋವಿನಿಂದಾಗಿ ಇಂಗ್ಲಿಷ್ ಕಾದಂಬರಿಕಾರ ಹೆನ್ರಿ ಜೇಮ್ಸ್ 1897ರಿಂದ ಹೇಳಿ ಬರೆಸತೊಡಗಿದ ಮೇಲೆ ಅವರ ವಾಕ್ಯಗಳು ಮತ್ತಷ್ಟು ಸುತ್ತುಬಳಸಿನವಾದವು ಎಂದು ಅನೇಕ ವಿಮರ್ಶಕರು ಹೇಳುತ್ತಾರೆ. ಅವರ ಎದುರಿಗಿದ್ದದ್ದು ಕಾಯಲು ಬಲ್ಲ ಬೆರಳಚ್ಚುಗಾರರು ಎಂಬುದು ಬೇರೆ ಮಾತು.

ತಪ್ಪುಗಳ ಸ್ವಭಾವವೂ ಇಲ್ಲಿ ಬೇರೆ. ಟೈಪಿಂಗ್‌ನ ತಪ್ಪು ತಪ್ಪಾಗಿಯೇ ಕಾಣುತ್ತದೆ. ಅಕ್ಷರ ಕೆಟ್ಟಿರುತ್ತದೆ, ಕಣ್ಣು ಅಲ್ಲಿ ಎಡವುತ್ತದೆ. ಧ್ವನಿ ಟೈಪಿಂಗ್ ಕೊಡುವುದು ಕಾಗುಣಿತ ಸರಿಯಿರುವ ತಪ್ಪು ಪದವನ್ನು. “ಬಟ್ಟೆಯ ಕೊಳೆ” ಎಂದರೆ “ಬಟ್ಟೆಯ ಕೊಲೆ” ಎಂದು ಬರೆದಿಟ್ಟು, ಕಾಗುಣಿತ ಪರೀಕ್ಷೆಯಲ್ಲಿಯೂ ಸಲೀಸಾಗಿ ಪಾಸಾಗುತ್ತದೆ. ಕೇಳಿದ ಸದ್ದಿಗೆ ಯಾವ ಪದ ಹೆಚ್ಚು ಸಂಭವನೀಯವೆಂದು ಲೆಕ್ಕ ಹಾಕಿ ಆರಿಸುವ ತಂತ್ರಾಂಶವಾದ್ದರಿಂದ, ಅಪರೂಪದ ಪದ ಹೇಳಿದಾಗ ಬಳಕೆಯ ಪದವೊಂದು ಅದರ ಜಾಗದಲ್ಲಿ ಬಂದು ಕೂರುವುದೂ ಉಂಟು. ಹೀಗೆ ಕೆಲವು ಸಲ ಆದ ಮೇಲೆ ಬಳಕೆದಾರರೇ ಆ ಪದದ ಗೋಜಿಗೆ ಹೋಗುವುದಿಲ್ಲ. ನನ್ನ ದೃಷ್ಟಿಯಲ್ಲಿ ಇದರ ದೊಡ್ಡ ದೋಷ ಇದೇ, ಏಕೆಂದರೆ ಆಡದೇ ಉಳಿದ ಪದವನ್ನು ತಿದ್ದುಪಡಿಯಲ್ಲಿ ಹುಡುಕಲಾಗುವುದಿಲ್ಲ.

ಕೈನೋವಿರುವವರಿಗೆ, ದೃಷ್ಟಿ ಮಂದವಾದವರಿಗೆ ನಾನು ಇದನ್ನು ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ. ಚಿಕ್ಕ ಸಂದೇಶಗಳಿಗೂ ಇದು ಸಾಕಷ್ಟು ಒಳ್ಳೆಯದು. ಲೇಖನ ಬರೆಯುವವರು ಮಾತ್ರ ಮುಖ್ಯಾಂಶಗಳನ್ನು ಮೊದಲು ಕಾಗದದಲ್ಲಿ ಗುರುತು ಹಾಕಿಕೊಂಡು ಮೈಕ್ ಒತ್ತುವುದು ಲೇಸು. ಐದರಲ್ಲಿ ಮೂರೂವರೆ ನಕ್ಷತ್ರ ಕೊಡುತ್ತಿದ್ದೇನೆ. ಮೈಕ್ ಎಷ್ಟು ಹೊತ್ತು ಕಾಯಬೇಕೆಂಬುದನ್ನು ನಾವೇ ನಿಗದಿಪಡಿಸುವ ಆಯ್ಕೆ ಬಂದರೆ ಇನ್ನರ್ಧ ಸೇರಿಸುತ್ತೇನೆ.